ಅಂಗಳದಲ್ಲಿ ಎಂಜಿನ್ ಬಿಚ್ಚುವ ಮುನ್ನ

ಬೇಸಿಗೆ ಬಂತೆಂದರೆ ನಮ್ಮ ಸೊಲ್ಲಾಪುರ–ಅಕ್ಕಲಕೋಟ ರಸ್ತೆಯಲ್ಲಿ ಒಂದು ನೋಟ ಖಾಯಂ. ವಳಸಂಗದ ಆಚೆಗೋ ಈಚೆಗೋ, ಬೇವಿನ ಗಿಡದ ನೆರಳಲ್ಲಿ ಬಾನೆಟ್ ಎತ್ತಿ ನಿಂತ ಒಂದು ಹಳೆಯ ಕಾರು. ರೇಡಿಯೇಟರಿನಿಂದ ಹಬೆ. ಕೈಯಲ್ಲಿ ನೀರಿನ ಬಾಟಲಿ ಹಿಡಿದ ಮನೆಯ ಯಜಮಾನ. ಸುತ್ತ ನಾಲ್ಕು ಜನ. ಅವರಲ್ಲಿ ಒಬ್ಬರು ಹೇಳಿಯೇ ಹೇಳುತ್ತಾರೆ: "ಗ್ಯಾಸ್ಕೆಟ್ ಹೋಗ್ಯಾದ್ರಿ, ಹೆಡ್ ಬಿಚ್ಚಬೇಕು."

ಅಲ್ಲಿಂದ ಮುಂದೆ ನಮ್ಮ ಮನೆಗಳಲ್ಲಿ ಎರಡು ಪಕ್ಷ. ಒಂದು ಪಕ್ಷ ಹೇಳುತ್ತದೆ, "ಎಂಜಿನ್ ಅಂದ್ರ ಮಿಸ್ತ್ರಿ ಕೆಲಸ. ಓದಿದವರು ಕೈ ಹಾಕಬಾರದು." ಇನ್ನೊಂದು ಪಕ್ಷ, ಅದರಲ್ಲೂ ಮೊಬೈಲಿನಲ್ಲಿ ವಿಡಿಯೋ ನೋಡಿದ ಹುಡುಗರ ಪಕ್ಷ, ಹೇಳುತ್ತದೆ, "ಅದರಾಗ ಏನದ? ನಾಕು ಬೋಲ್ಟ್ ಬಿಚ್ಚೋದು, ಹೊಸಾದು ಇಡೋದು, ಮತ್ತ ಬಿಗಿಯೋದು." ನಮ್ಮ ಶಿಕ್ಷಕರ ಕೋಣೆಯಲ್ಲೂ ಈ ವಾದ ಬರುತ್ತದೆ. ಮಾಸ್ತರರಲ್ಲಿ ಹಳೆಯ ಗಾಡಿ ಇಟ್ಟುಕೊಂಡವರೇ ಜಾಸ್ತಿ ಅಲ್ಲವೇ!

ನಮಗೆ ಎರಡೂ ಪಕ್ಷ ಒಪ್ಪಿಗೆಯಿಲ್ಲ. ಹಳೆಯ, ಸರಳ ಎಂಜಿನ್ನಿನ ಗ್ಯಾಸ್ಕೆಟನ್ನು ಮನೆಯ ಅಂಗಳದಲ್ಲಿ ಬದಲಿಸಬಹುದು. ಆದರೆ ಅಳೆಯಲು ಬರುವವರು ಮಾತ್ರ ಬದಲಿಸಬೇಕು. ಆ ಅಳೆಯುವ ವಿದ್ಯೆಯನ್ನು ನಮ್ಮ ಕನ್ನಡ ಶಾಲೆಗಳು ಈಗಾಗಲೇ ಕಲಿಸುತ್ತಿವೆ, ಎಂಜಿನ್ನಿನ ಹೆಸರು ಹೇಳದೆ ಕಲಿಸುತ್ತಿವೆ. ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಅದರ ವಿವರ.

ಮೊದಲು ಈ ಗ್ಯಾಸ್ಕೆಟ್ ಎಂದರೇನು ನೋಡೋಣ. ಎಂಜಿನ್ನಿನ ಕೆಳಗಿನ ದೊಡ್ಡ ಭಾಗ ಬ್ಲಾಕ್. ಅದರೊಳಗೆ ಸಿಲಿಂಡರುಗಳು, ಅವುಗಳಲ್ಲಿ ಪಿಸ್ಟನ್ನುಗಳು. ಮೇಲೆ ಮುಚ್ಚಳದಂತೆ ಕೂರುವುದು ಹೆಡ್. ಇವೆರಡರ ನಡುವೆ ಕೂರುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್. ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಈ ಹಾಳೆ ಒಂದೇ ಕಾಲಕ್ಕೆ ಮೂರನ್ನು ಬೇರೆ ಬೇರೆ ಇಡಬೇಕು: ಉರಿಯುವ ಅನಿಲ, ತಂಪು ಮಾಡುವ ನೀರು, ನುಣುಪು ಮಾಡುವ ಆಯಿಲ್. ಪೆಟ್ರೋಲ್ ಉರಿದಾಗ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಂಜಿನ್ ಪೂರ್ತಿ ಎಳೆಯುವಾಗ ಸಿಲಿಂಡರಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ನಲವತ್ತು ಐವತ್ತು ಪಟ್ಟು ಏರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ ಈ ಹೊಡೆತ. ಅಕ್ಕಲಕೋಟದಿಂದ ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಆ ತೆಳು ಹಾಳೆ ಎಷ್ಟು ಸಾವಿರ ಏಟು ತಿಂದಿರುತ್ತದೆ, ಮಕ್ಕಳಿಗೆ ಲೆಕ್ಕ ಕೊಟ್ಟು ನೋಡಿ.

ಇನ್ನೊಂದು ಲೆಕ್ಕ ಇದಕ್ಕಿಂತ ಚೆನ್ನಾಗಿದೆ. ನಮ್ಮ ಕಡೆ ಇನ್ನೂ ಓಡುತ್ತಿರುವ ಮಾರುತಿ 800 ಗಾಡಿಯನ್ನೇ ತಗೊಳ್ಳಿ. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿ ಹೊರಬಂತು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಕಾದಾಗ ಲೋಹ ಹಿಗ್ಗುತ್ತದೆ ಎಂದು ನಾವು ಪಾಠ ಮಾಡುತ್ತೇವೆ. ಎಲ್ಲ ಲೋಹವೂ ಒಂದೇ ಸಮ ಹಿಗ್ಗುವುದಿಲ್ಲ ಎಂದೂ ಹೇಳುತ್ತೇವೆ. ಒಂದು ಡಿಗ್ರಿಗೆ ಅಲ್ಯೂಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗಿದರೆ, ಎರಕದ ಕಬ್ಬಿಣ ಸುಮಾರು 11 ಪಾಲು ಹಿಗ್ಗುತ್ತದೆ. 30 ಸೆಂಟಿಮೀಟರ್ ಉದ್ದದ ಹೆಡ್ಡು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿತು ಅನ್ನಿ. ಅಲ್ಯೂಮಿನಿಯಂ ಸುಮಾರು 0.48 ಮಿಲಿಮೀಟರ್ ಹಿಗ್ಗುತ್ತದೆ, ಕಬ್ಬಿಣ ಸುಮಾರು 0.23. ವ್ಯತ್ಯಾಸ ಕಾಲು ಮಿಲಿಮೀಟರು. ಗಾಡಿ ಕಾದು ತಣ್ಣಗಾದ ಪ್ರತಿ ಸಲವೂ ಹೆಡ್ಡು ಬ್ಲಾಕಿನ ಮೇಲೆ ಇಷ್ಟು ಜಾರಲು ನೋಡುತ್ತದೆ, ನಡುವೆ ಸಿಕ್ಕ ಗ್ಯಾಸ್ಕೆಟ್ ಆ ತಿಕ್ಕಾಟ ಸಹಿಸುತ್ತದೆ. ಇದು ಎಂದಿನ ಕಾವಿನ ಮಾತು. ನೀರು ಖಾಲಿಯಾಗಿ ಗಾಡಿ ಕುದಿದರೆ ಕಾವು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಆಗಿ ಹೆಡ್ಡೇ ಬಾಗುತ್ತದೆ. ಬಾಗಿದ ಮುಚ್ಚಳದ ಕೆಳಗೆ ಯಾವ ಹಾಳೆ ತಾನೇ ನಿಂತೀತು?

ಆದ್ದರಿಂದ ನಮ್ಮ ಮೊದಲ ಮಾತು: "ಗ್ಯಾಸ್ಕೆಟ್ ಹೋಗ್ಯಾದ" ಅನ್ನುವುದು ಉತ್ತರವಲ್ಲ, ಅಲ್ಲಿಂದ ಪ್ರಶ್ನೆ ಶುರು. ಯಾಕೆ ಹೋಯಿತು? ರೇಡಿಯೇಟರ್ ಕಟ್ಟಿಕೊಂಡಿತ್ತೇ? ಫ್ಯಾನ್ ತಿರುಗುತ್ತಿರಲಿಲ್ಲವೇ? ನೀರಿನ ಪಂಪ್ ಸೋರುತ್ತಿತ್ತೇ? ರಬ್ಬರ್ ಪೈಪು ಒಡೆದಿತ್ತೇ? ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿತ್ತೇ? ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗ್ ಸತ್ತಿತ್ತೇ? ಮುಚ್ಚಳದ್ದು ಸಣ್ಣ ವಿಷಯ ಎನ್ನಬೇಡಿ. ಮನೆಯ ಕುಕ್ಕರಿನ ಸೀಟಿ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಒತ್ತಡ ಹಿಡಿದಿಟ್ಟು ನೀರು 100 ಡಿಗ್ರಿಗೆ ಕುದಿಯದಂತೆ ತಡೆಯುತ್ತದೆ. 0.9 ಬಾರ್ ಒತ್ತಡದ ಮುಚ್ಚಳ ಸರಿಯಾಗಿದ್ದರೆ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ, ಕೂಲಂಟ್ ಬೆರೆಸಿದ್ದರೆ ಇನ್ನೂ ಮೇಲಕ್ಕೆ. ಹೊರಗೇ 42 ಡಿಗ್ರಿ ಬಿಸಿಲಿರುವ ಮೇ ತಿಂಗಳಲ್ಲಿ ಈ ಅಂತರವೇ ಗಾಡಿಯ ಪ್ರಾಣ.

ಇನ್ನು ನಾವು ರೇಡಿಯೇಟರಿಗೆ ಹಾಕುವ ನೀರು. ಕೊಳವೆ ಬಾವಿಯ ಗಡಸು ನೀರು ಕಾಯಿಸುವ ಪಾತ್ರೆಯ ತಳ ನೋಡಿದ್ದೀರಲ್ಲ? ಬಿಳಿ ಪದರು. ಅದೇ ಪದರು ಎಂಜಿನ್ನಿನ ಒಳಗೂ ಕಟ್ಟುತ್ತದೆ. ಪದರು ಕಟ್ಟಿದಷ್ಟು ಕಾವು ಹೊರಗೆ ಹೋಗುವುದು ಕಡಿಮೆ. ಆಮೇಲೆ "ಥರ್ಮೋಸ್ಟಾಟ್ ತೆಗೆದು ಬಿಸಾಕ್ರಿ, ನಮ್ಮ ಬಿಸಿಲಿಗೆ ಅದು ಬ್ಯಾಡ" ಎನ್ನುವ ಉಪದೇಶ ಬೇರೆ. ಕಾರಣ ಹುಡುಕದೆ ಬರೀ ಗ್ಯಾಸ್ಕೆಟ್ ಬದಲಿಸಿದ ಗಾಡಿ ಮತ್ತೆ ಅದೇ ಮರದ ಕೆಳಗೆ ನಿಲ್ಲುತ್ತದೆ. ಜ್ವರದ ಹುಡುಗನಿಗೆ ಒದ್ದೆ ಬಟ್ಟೆ ಹಾಕಿ ಶಾಲೆಗೆ ಕಳಿಸಿದ ಹಾಗೆ.

ಎರಡನೆಯ ಪ್ರಶ್ನೆ: ನಿಜವಾಗಿಯೂ ಗ್ಯಾಸ್ಕೆಟ್ಟೇ ಹೋಗಿದೆಯೇ? ಹೆಡ್ ಬಿಚ್ಚುವ ಮೊದಲು ತಿಳಿಯಲು ದಾರಿಗಳಿವೆ. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ಅದರೊಳಗೆ ನೀರು ಸೇರಿದೆ. ಆದರೆ ಮುಚ್ಚಳದ ಒಳಭಾಗದಲ್ಲಿ ಮಾತ್ರ ಸ್ವಲ್ಪ ಬೆಳ್ಳಗಿನ ಕೆನೆ ಕಂಡರೆ ಹೆದರಬೇಡಿ. ಚಳಿಗಾಲದಲ್ಲಿ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸುವ ಗಾಡಿಯಲ್ಲಿ ಇಬ್ಬನಿಯ ತೇವದಿಂದಲೂ ಹಾಗಾಗುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಅದಕ್ಕೆ ಸಿಹಿ ವಾಸನೆಯಿದ್ದರೆ, ಕೂಲಂಟ್ ಒಳಗೆ ಉರಿಯುತ್ತಿದೆ. ಹೊರಗೆಲ್ಲೂ ಸೋರದೆ ನೀರು ದಿನದಿನಕ್ಕೆ ಇಳಿಯುತ್ತಿದೆಯೇ? ಒಂದು ವಹಿಯಲ್ಲಿ ದಿನಾಲು ಬೆಳಿಗ್ಗೆ ನೀರಿನ ಮಟ್ಟ ಬರೆದಿಡಿ. ಒಂದು ವಾರದ ಈ ಬರಹ ಹತ್ತು ಜನರ ಊಹೆಗಿಂತ ದೊಡ್ಡದು. ಸಿಲಿಂಡರುಗಳ ಕಂಪ್ರೆಷನ್ ಅಳೆಸಿದಾಗ ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕಡಿಮೆ ಬಂದರೆ, ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಎಂದು ಹೆಚ್ಚುಕಡಿಮೆ ತಿಳಿಯಬಹುದು.

ಎಲ್ಲಕ್ಕಿಂತ ನಮಗೆ ಇಷ್ಟವಾದ ಪರೀಕ್ಷೆ ಇನ್ನೊಂದು. ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಚಾಲು ಮಾಡಿದರೆ, ಗ್ಯಾಸ್ಕೆಟ್ ಹೋದ ಗಾಡಿಯಲ್ಲಿ ಗುಳ್ಳೆಗಳು ಒಂದೇ ಸಮ ಏಳುತ್ತವೆ. ಆ ಗುಳ್ಳೆಯಲ್ಲಿ ಉರಿದ ಅನಿಲವಿದೆಯೋ ಬರೀ ಗಾಳಿಯಿದೆಯೋ ತಿಳಿಯಲು ಗ್ಯಾರೇಜಿನಲ್ಲಿ ಒಂದು ನೀಲಿ ದ್ರವ ಬಳಸುತ್ತಾರೆ. ಉರಿದ ಅನಿಲದ ಕಾರ್ಬನ್ ಡೈಆಕ್ಸೈಡ್ ತಾಗಿದರೆ ಅದು ಹಳದಿಯಾಗುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಮಕ್ಕಳು ಕೊಳವೆಯಿಂದ ಊದಿ ಸುಣ್ಣದ ತಿಳಿನೀರನ್ನು ಹಾಲಾಗಿಸುತ್ತಾರಲ್ಲ, ಅದರ ತಮ್ಮನೇ ಇದು! ಸುಣ್ಣದ ತಿಳಿನೀರು ಮಾಡಿದ ಹುಡುಗಿಗೆ ಈ ಪರೀಕ್ಷೆ ವಿವರಿಸಲು ಎರಡು ನಿಮಿಷ ಸಾಕು. ಆದರೆ ಒಂದು ಎಚ್ಚರ: ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾರೂ, ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡ ಇಳಿದ ಕ್ಷಣ ಒಳಗಿನ ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಸರಿ, ಕಾರಣ ಸಿಕ್ಕಿತು, ಗ್ಯಾಸ್ಕೆಟ್ ಹೋಗಿರುವುದೂ ಖಾತ್ರಿಯಾಯಿತು. ಇನ್ನು ಬಿಚ್ಚುವ ಕೆಲಸ. ಇದರ ಪೂರ್ತಿ ಪಾಠವನ್ನು ನಾವು ಇಲ್ಲಿ ಹೇಳುವುದಿಲ್ಲ. ಆಯಾ ಗಾಡಿಯ ರಿಪೇರಿ ಪುಸ್ತಕವೇ ಅದಕ್ಕೆ ಗುರು. ಆದರೆ ಎಲ್ಲಿ ಕೆಲಸ ಕೆಡುತ್ತದೆ ಎಂಬುದನ್ನು ಹೇಳಬೇಕು.

ರಾತ್ರಿಯಿಡೀ ಗಾಡಿ ತಣ್ಣಗಾಗಲಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಕೂಲಂಟನ್ನು ಮುಚ್ಚಳವಿರುವ ಡಬ್ಬಿಗೆ ಇಳಿಸಿ. ರುಚಿಗೆ ಸಿಹಿ, ಆದರೆ ವಿಷ. ಅಂಗಳದಲ್ಲಿ ಚೆಲ್ಲಿದರೆ ಕೂಸು, ನಾಯಿ, ಕರು ಯಾವುದಾದರೂ ನೆಕ್ಕಬಹುದು. ಹಳೆಯ ಆಯಿಲನ್ನು ಗಟಾರಕ್ಕೆ ಸುರಿಯಬೇಡಿ. ಬಿಚ್ಚುವ ಮೊದಲು ಎಲ್ಲ ಕೋನದಿಂದ ಫೋಟೋ ತೆಗೆಯಿರಿ. ಒಂದು ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು, ತೂತು ಮಾಡಿ, ಬಿಚ್ಚಿದ ಬೋಲ್ಟುಗಳನ್ನು ಅವುಗಳ ಜಾಗದಲ್ಲೇ ಚುಚ್ಚಿಡಿ. ಟೈಮಿಂಗ್ ಬೆಲ್ಟ್ ತೆಗೆಯುವ ಮೊದಲು ಗುರುತುಗಳನ್ನು ಕೂಡಿಸಿಕೊಳ್ಳಿ. ಇಲ್ಲಿ ಹಲ್ಲು ತಪ್ಪಿದರೆ ಕೆಲವು ಎಂಜಿನ್ನುಗಳಲ್ಲಿ ವಾಲ್ವಿಗೆ ಪಿಸ್ಟನ್ ಹೊಡೆದು, ಗ್ಯಾಸ್ಕೆಟ್ ಕೆಲಸ ಎಂಜಿನ್ ಕೆಲಸವಾಗುತ್ತದೆ.

ಹೆಡ್ ಬೋಲ್ಟ್ ಸಡಿಲಿಸುವುದು ಹೊರ ಅಂಚಿನಿಂದ ನಡುವಿಗೆ, ಎರಡು ಮೂರು ಸುತ್ತಿನಲ್ಲಿ. ಬಿಗಿಯುವುದು ನಡುವಿನಿಂದ ಹೊರಕ್ಕೆ, ಹಾಗೆಯೇ ಸುತ್ತಿನಲ್ಲಿ. ಹೆಡ್ಡು ಅಂಟಿಕೊಂಡಿದ್ದರೆ ನಡುವೆ ಸ್ಕ್ರೂ ಡ್ರೈವರ್ ತುರುಕಿ ಎಬ್ಬಬಾರದು. ಅಲ್ಯೂಮಿನಿಯಮ್ಮಿಗೆ ಬಿದ್ದ ಆ ಗೀರಿನಲ್ಲೇ ನಾಳೆ ನೀರು ಹಾದುಹೋಗುತ್ತದೆ. ಹಳೆಯ ಗ್ಯಾಸ್ಕೆಟಿನ ಚೂರು ಕೆರೆಯಲು ಕಟ್ಟಿಗೆ ಅಥವಾ ಪ್ಲಾಸ್ಟಿಕ್ ತುಂಡು ಸಾಕು. ತಿರುಗುವ ಎಮರಿ ಚಕ್ರ ಬೇಡ. ಹಳೆಯ ಗಾಡಿಗಳ ಗ್ಯಾಸ್ಕೆಟಿನಲ್ಲಿ ಕಲ್ನಾರು ಇರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರಿನವರೆಗೆ ಒಯ್ಯುತ್ತದೆ. ಆದ್ದರಿಂದ ಒದ್ದೆ ಮಾಡಿ ಕೆರೆಯಿರಿ, ಬಾಯಿಂದಾಗಲಿ ಹವಾ ಪೈಪಿನಿಂದಾಗಲಿ ಊದಬೇಡಿ, ಮಕ್ಕಳನ್ನು ದೂರವಿಡಿ. ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನೀರು ಆಯಿಲ್ ಉಳಿಯಬಾರದು. ದ್ರವ ಹಿಂಡಿದರೆ ಕುಗ್ಗುವುದಿಲ್ಲ ಎಂದು ನಾವೇ ಕಲಿಸುತ್ತೇವೆ. ದ್ರವ ತುಂಬಿದ ತೂತಿಗೆ ಬೋಲ್ಟ್ ಬಿಗಿದರೆ ಅದು ಬ್ಲಾಕನ್ನೇ ಸೀಳಬಲ್ಲದು.

ಈಗ ನಿರ್ಣಾಯಕ ಅಳತೆ. ಹೆಡ್ಡಿನ ಮುಖ ಸಪಾಟಾಗಿದೆಯೇ? ನಿಖರವಾದ ಉಕ್ಕಿನ ಪಟ್ಟಿಯನ್ನು ಎರಡು ಉದ್ದ ಅಂಚು, ಎರಡು ಅಡ್ಡ ಅಂಚು, ಎರಡು ಕರ್ಣ, ಹೀಗೆ ಆರು ಗೆರೆಗಳ ಮೇಲೆ ನಿಲ್ಲಿಸಿ, ಕೆಳಗೆ ಫೀಲರ್ ಗೇಜಿನ ತೆಳು ಎಲೆ ತೂರುತ್ತದೆಯೇ ನೋಡಬೇಕು. ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.05 ಮಿಲಿಮೀಟರಿಗಿಂತ ಹೆಚ್ಚು ಬಾಗಿರಬಾರದು. ನಮ್ಮ ವಹಿಯ ಒಂದು ಹಾಳೆಗಿಂತ ತೆಳುವಾದ ಅಳತೆ ಇದು! ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುವುದಿಲ್ಲ. "ನೋಡಿದ್ರ ಸರಿ ಕಾಣಸ್ತದ" ಎಂದು ಹೆಡ್ ಕೂಡಿಸುವವರು ಇಲ್ಲಿಯೇ ಸೋಲುವುದು. ಬಾಗಿದ್ದರೆ ಹೆಡ್ಡನ್ನು ಯಂತ್ರದ ಅಂಗಡಿಗೆ ಒಯ್ದು ಮುಖ ಹೊಡೆಸಬೇಕು, ಬಿರುಕು ಇದೆಯೇ ಎಂದು ಒತ್ತಡ ಹಾಕಿ ನೋಡಿಸಬೇಕು. ಈ ಎರಡು ಕೆಲಸ ಅಂಗಳದ್ದಲ್ಲ. ಮನೆಯಲ್ಲಿ ಗಾಜಿನ ಮೇಲೆ ಪಾಲಿಶ್ ಪೇಪರ್ ಅಂಟಿಸಿ ಹೆಡ್ ತಿಕ್ಕುವವರನ್ನು ನೋಡಿದ್ದೇವೆ. ಬೇಡ.

ಇನ್ನೊಂದು ಅಳತೆ ಬಿಗಿತದ್ದು. ಬೋಲ್ಟ್ ಬಿಗಿದಂತೆ ಅದು ಸ್ಪ್ರಿಂಗಿನ ಹಾಗೆ ಕೂದಲೆಳೆಯಷ್ಟು ಎಳೆದುಕೊಳ್ಳುತ್ತದೆ. ಆ ಎಳೆತವೇ ಹೆಡ್ಡನ್ನು ಹಿಡಿದಿಡುವುದು. ಕಡಿಮೆ ಬಿಗಿದರೆ ಅನಿಲ ನುಗ್ಗುತ್ತದೆ, ಹೆಚ್ಚು ಬಿಗಿದರೆ ಬೋಲ್ಟ್ ಸೋಲುತ್ತದೆ ಇಲ್ಲವೇ ಹೆಡ್ ಬಾಗುತ್ತದೆ. ಅದಕ್ಕೇ ಟಾರ್ಕ್ ರೆಂಚ್ ಬೇಕು. 25 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 20 ಕಿಲೋ ಭಾರದಷ್ಟು ಬಲ ಹಾಕಿದರೆ 5 ಕಿಲೋಗ್ರಾಂ-ಮೀಟರ್, ಅಂದರೆ ಸುಮಾರು 49 ನ್ಯೂಟನ್-ಮೀಟರ್. ಬಲ ಗುಣಿಸು ದೂರ. ಒಂಬತ್ತನೆಯ ಹುಡುಗನಿಗೆ ಇದು ಹೊಸ ಗಣಿತವಲ್ಲ. ಸಂತೆಯ ತೂಗುವ ಸ್ಪ್ರಿಂಗ್ ಕಾಟಾ ಕಟ್ಟಿ ಶಾಲೆಯಲ್ಲೇ ತೋರಿಸಬಹುದು. ಎಂಜಿನ್ನಿಗೆ ಮಾತ್ರ ಸರಿಯಾದ ಟಾರ್ಕ್ ರೆಂಚೇ ಆಗಬೇಕು, ಅಂಕಿ ಆ ಗಾಡಿಯ ಪುಸ್ತಕದ್ದೇ ಆಗಬೇಕು. ಕೆಲವು ಎಂಜಿನ್ನುಗಳಲ್ಲಿ ಕೊನೆಯ ಸುತ್ತನ್ನು ಕೋನದಲ್ಲಿ, ಇಂತಿಷ್ಟು ಡಿಗ್ರಿ ಎಂದು ಹೇಳಿರುತ್ತಾರೆ. ಅಂಥಲ್ಲಿ ಹಳೆಯ ಬೋಲ್ಟ್ ಮತ್ತೆ ಬಳಸುವಂತಿರುವುದಿಲ್ಲ.

ಗ್ಯಾಸ್ಕೆಟ್ ಹೊಸದೇ ಆಗಬೇಕು. ಮೇಲೆ ಯಾವ ಮುಖ, ಆಯಿಲ್ ತೂತು ಎಲ್ಲಿ ಎಂದು ಕೂಡಿಸಿ ನೋಡಿ ಇಡಬೇಕು. ಪುಸ್ತಕ ಹೇಳದ ಹೊರತು ಗ್ರೀಸು, ಅಂಟು ಏನೂ ಬೇಡ. ಡೀಸೆಲ್ ಗಾಡಿಯವರು, ಅದರಲ್ಲೂ ವಡಾಪ್ ಓಡಿಸುವವರು, ಇನ್ನೊಂದು ನೆನಪಿಡಬೇಕು: ಹಲವು ಡೀಸೆಲ್ ಎಂಜಿನ್ನುಗಳಿಗೆ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಪಿಸ್ಟನ್ ಎಷ್ಟು ಮೇಲೆ ಚಾಚುತ್ತದೆ ಎಂದು ಅಳೆದು ಆರಿಸಬೇಕು. ಕೊನೆಗೆ ಹೊಸ ಆಯಿಲ್, ಹೊಸ ಫಿಲ್ಟರ್, ಸರಿ ಪ್ರಮಾಣದ ಕೂಲಂಟ್. ಒಳಗೆ ಸಿಕ್ಕ ಗಾಳಿ ಹೊರಗೆ ಹೋಗಬೇಕು. ಫ್ಯಾನ್ ತಾನಾಗಿ ತಿರುಗುವವರೆಗೆ ಕಾವಲು ನಿಲ್ಲಬೇಕು. ಮರುದಿನ ತಣ್ಣಗಿದ್ದಾಗ ಮತ್ತೆ ಮಟ್ಟ ನೋಡಿ ವಹಿಯಲ್ಲಿ ಬರೆಯಬೇಕು.

ಇಷ್ಟು ಓದಿದ ಮೇಲೆ, "ಬ್ಯಾಡಪ್ಪ, ಮಿಸ್ತ್ರಿಗೇ ಕೊಡೋಣ" ಅನ್ನಿಸಿತೇ? ಅದೂ ಸರಿಯೇ. ಹೊಸ ಕಾಲದ ಗಾಡಿಗಳನ್ನು, ತಂತಿ ಮತ್ತು ಸೆನ್ಸರುಗಳ ಕಾಡು ತುಂಬಿದ ಎಂಜಿನ್ನುಗಳನ್ನು, ವಾರಂಟಿ ಉಳಿದವುಗಳನ್ನು ಕೊಡಲೇಬೇಕು. ಆದರೆ ಇಷ್ಟು ತಿಳಿದು ಕೊಡುವವರಿಗೂ ಏನೂ ತಿಳಿಯದೆ ಕೊಡುವವರಿಗೂ ಬಹಳ ಅಂತರವಿದೆ. ತಿಳಿದವರು ಕೇಳುತ್ತಾರೆ: "ಅಣ್ಣಾ, ಹೆಡ್ ಎಷ್ಟು ಬಾಗಿತ್ತು? ಮುಖ ಎಷ್ಟು ಹೊಡೆಸಿದಿ? ಫ್ಯಾನ್ ನೋಡಿದಿಯೇನು?" ಒಳ್ಳೆಯ ಮಿಸ್ತ್ರಿ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಖುಷಿಪಡುತ್ತಾನೆ. ಗ್ಯಾಸ್ಕೆಟಿನ ಬೆಲೆಗಿಂತ ಬಿಚ್ಚಿ ಕೂಡಿಸುವ ದುಡಿಮೆಯ ಬೆಲೆಯೇ ದೊಡ್ಡದು. ಕಾರಣ ಹುಡುಕದ ರಿಪೇರಿಗೆ ಆ ದುಡಿಮೆಯನ್ನು ಎರಡೆರಡು ಸಲ ಕೊಳ್ಳುವವರು ನಮ್ಮಂಥ ಸಂಬಳದವರು, ಒಂದೇ ಗಾಡಿಯ ಮೇಲೆ ಹೊಟ್ಟೆ ಹೊರೆಯುವವರು. ರೇಡಿಯೇಟರಿಗೆ ಅರಿಸಿನ ಪುಡಿ ಸುರಿದು, ಸೋರಿಕೆ ನಿಲ್ಲಿಸುವ ಬಾಟಲಿ ಸುರಿದು ಗಾಡಿ ಮಾರಿಬಿಡುವ ಜಾಣತನವೂ ಇದೆ. ಆ ಗಾಡಿ ಕೊಳ್ಳುವವರೂ ನಮ್ಮಂಥವರೇ ಅಲ್ಲವೇ?

ಈಗ ಶಾಲೆಯ ಮಾತಿಗೆ ಬರೋಣ.

ನಮ್ಮ ಊರಿಗೂ ಕಾರಿಗೂ ಇರುವ ಒಂದು ನಂಟು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ಇದೇ ಸೊಲ್ಲಾಪುರದಲ್ಲಿ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದವರು ಅವರು. ಇಂದಿನ ಎಚ್‌ಎಎಲ್‌ನ ಬೇರು ಅದು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮುಂಬಯಿಯ ಕುರ್ಲಾದಲ್ಲಿ ತಯಾರಾದ ಆ ಕಂಪನಿಯ ಫಿಯೆಟ್, ಆಮೇಲೆ ಪ್ರೀಮಿಯರ್ ಪದ್ಮಿನಿ, ಅರ್ಧ ಶತಮಾನ ಈ ದೇಶದ ಮನೆಮನೆಯ ಅಂಗಳದಲ್ಲಿ, ಮುಂಬಯಿಯ ಟ್ಯಾಕ್ಸಿ ಸಾಲಿನಲ್ಲಿ ನಿಂತವು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಇಳಿಯಿತು. ಇಷ್ಟು ದೀರ್ಘ ಕಾಲ ಆ ಗಾಡಿಗಳು ಓಡಿದ್ದು ಕಾರ್ಖಾನೆಯ ಬಲದಿಂದ ಮಾತ್ರವಲ್ಲ, ರಸ್ತೆ ಬದಿಯ ಸಾವಿರಾರು ಮಿಸ್ತ್ರಿಗಳ ಕೈಯಿಂದ. ಸಿದ್ಧರಾಮ ಕೆರೆ ಕಟ್ಟಿಸಿದ ಊರಿನವರು ನಾವು. ಕೈ ಮಸಿಯಾಗುವ ಕೆಲಸವನ್ನು ಕೀಳೆಂದು ಕಾಣಲು ನಮಗೆ ಯಾವ ಆಧಾರವೂ ಇಲ್ಲ.

ಆದರೂ ಕಾಣುತ್ತೇವೆ. "ಓದದಿದ್ರ ಗ್ಯಾರೇಜಿಗೆ ಹಾಕ್ತೀನಿ ನೋಡು" ಎಂದು ಮಕ್ಕಳನ್ನು ಹೆದರಿಸುವವರು ನಾವೇ. ಆ ಮಾತಿನಲ್ಲಿ ಎರಡು ಅಪಮಾನವಿದೆ. ಗ್ಯಾರೇಜಿನಲ್ಲಿ ಬುದ್ಧಿ ಬೇಡ ಎಂಬುದು ಒಂದು. ಓದಿಗೂ ಕೈಗೂ ಸಂಬಂಧವಿಲ್ಲ ಎಂಬುದು ಇನ್ನೊಂದು. ಮೇಲೆ ಹೇಳಿದ ಕೆಲಸವನ್ನೇ ನೋಡಿ. ಉಷ್ಣದ ಹಿಗ್ಗುವಿಕೆ, ಕುದಿಬಿಂದು, ದ್ರವದ ಒತ್ತಡ, ಕಾರ್ಬನ್ ಡೈಆಕ್ಸೈಡಿನ ಪರೀಕ್ಷೆ, ಗಡಸು ನೀರು, ಬಲ ಮತ್ತು ದೂರದ ಗುಣಾಕಾರ, ಮಿಲಿಮೀಟರಿನ ನೂರರಲ್ಲಿ ಐದು ಪಾಲು ಎಂಬ ದಶಮಾಂಶ. ಇವೆಲ್ಲ ನಮ್ಮ ಮಕ್ಕಳು ಬಾಲಭಾರತಿಯ ಕನ್ನಡ ಪುಸ್ತಕಗಳಲ್ಲಿ, ಕನ್ನಡದಲ್ಲಿಯೇ ಓದುವ ಜಾತಿಯ ವಿಷಯಗಳು. ಹಾಗಿದ್ದೂ ಅದೇ ಮಗು ಹತ್ತನೆಯದು ಮುಗಿಸಿ ಐಟಿಐಯ ಮೆಕ್ಯಾನಿಕ್ ಮೋಟರ್ ವೆಹಿಕಲ್ ತರಗತಿಗೆ ಹೋದಾಗ, ಅಲ್ಲಿ ಮರಾಠಿ ಇಂಗ್ಲಿಷ್ ಪದಗಳ ನಡುವೆ ಎರಡು ತಿಂಗಳು ಮೂಕನಂತೆ ಕೂರುತ್ತದೆ. ತನಗೆ ಏನೂ ಬರುವುದಿಲ್ಲ ಅಂದುಕೊಳ್ಳುತ್ತದೆ. ವಿಷಯ ಬರುತ್ತದೆ, ವಿಷಯಕ್ಕೂ ವಸ್ತುವಿಗೂ ಗಂಟು ಹಾಕಿದವರು ಯಾರೂ ಇರಲಿಲ್ಲ, ಅಷ್ಟೇ. "ಕನ್ನಡ ಮಾಧ್ಯಮದಾಗ ಓದಿ ಏನ್ ಮಾಡ್ತಾನ?" ಎಂದು ಕೇಳುವ ಪಾಲಕರಿಗೆ ನಾವು ಸಭೆಯ ಭಾಷಣದಲ್ಲಿ ಉತ್ತರ ಕೊಡುತ್ತೇವೆ. ಈ ಗಂಟು ಹಾಕಿಕೊಟ್ಟರೆ ಅದೇ ಉತ್ತರ.

ಇದಕ್ಕೆ ಹೊಸ ಪದಗಳನ್ನು ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. ಗ್ಯಾಸ್ಕೆಟ್ ಗ್ಯಾಸ್ಕೆಟ್ಟೇ ಇರಲಿ. ನಮ್ಮ ಮಿಸ್ತ್ರಿ ಎಂಬ ಪದವೂ ಚಾವಿ ಎಂಬ ಪದವೂ ಪೋರ್ಚುಗೀಸರಿಂದ ಬಂದವು, ಬಂದು ನಮ್ಮವಾದವು. ವಸ್ತುವಿನ ಹೆಸರು ಎಲ್ಲಿಂದಾದರೂ ಬರಲಿ, "ಯಾಕೆ" ಎಂಬುದರ ಉತ್ತರ ಮಾತ್ರ ಮಗುವಿನ ಭಾಷೆಯಲ್ಲಿ ಸಿಗಬೇಕು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಾಯಣಪ್ಪನವರು ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದರು. ನೂರು ವರ್ಷದ ಮೇಲೆಯೂ ನಾವು "ಕನ್ನಡದಲ್ಲಿ ಎಂಜಿನ್ ಹೇಗೆ ಹೇಳುವುದು?" ಎಂದು ಕೇಳುತ್ತಿದ್ದರೆ ತಪ್ಪು ಭಾಷೆಯದ್ದಲ್ಲ.

ಮಾಡಬಹುದಾದ್ದು ಏನು? ದೊಡ್ಡ ಯೋಜನೆ ಬೇಡ. ಗುಜರಿ ಅಂಗಡಿಯಿಂದ ಒಂದು ಹಳೆಯ ಹೆಡ್ಡು, ಗ್ಯಾರೇಜಿನವರು ಎಸೆದ ಒಂದು ಸುಟ್ಟ ಗ್ಯಾಸ್ಕೆಟ್ ತಂದು ಪ್ರಯೋಗಶಾಲೆಯಲ್ಲಿಡಿ. ಕಲ್ನಾರಿನ ಸಂಶಯವಿದ್ದರೆ ಲೋಹದ ಪದರಿನ ಗ್ಯಾಸ್ಕೆಟನ್ನೇ ಆರಿಸಿ. ಒಂದು ಉಕ್ಕಿನ ಪಟ್ಟಿ, ಒಂದು ಫೀಲರ್ ಗೇಜ್ ಕೊಳ್ಳಿ. ಮಕ್ಕಳು ಆರು ಗೆರೆಗಳಲ್ಲಿ ಅಳೆದು ವಹಿಯಲ್ಲಿ ಬರೆಯಲಿ. ಹುಡುಗಿಯರೂ ಅಳೆಯಲಿ, ಇದನ್ನು ಬೇರೆಯಾಗಿ ಹೇಳಬೇಕಾಗಿ ಬಂದದ್ದೇ ಬೇಸರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಚೀಲವಿಲ್ಲದೆ, ಊರಿನ ಕುಶಲಕರ್ಮಿಗಳ ಬಳಿ ಕಲಿಯಲು ಹೇಳಿದೆ. ಆ ಹತ್ತರಲ್ಲಿ ಒಂದು ದಿನ ಗ್ಯಾರೇಜಿಗಿರಲಿ. ದುಡಿಯಲು ಅಲ್ಲ, ನೋಡಲು, ಕೇಳಲು, ಅಳೆಯಲು. ಇದು ನಮ್ಮ ರಾಜ್ಯಕ್ಕೆ ಹೊಸ ವಿಚಾರವೂ ಅಲ್ಲ. ಪುಣೆ ಜಿಲ್ಲೆಯ ಪಾಬಳದಲ್ಲಿ ಡಾ. ಶ್ರೀನಾಥ ಕಲಬಾಗರು 1983ರಲ್ಲಿ ವಿಜ್ಞಾನ ಆಶ್ರಮ ಶುರುಮಾಡಿ, ಹಳ್ಳಿಯ ಹುಡುಗರಿಗೆ ಕೆಲಸ ಮಾಡುತ್ತಲೇ ವಿಜ್ಞಾನ ಕಲಿಸುವ ದಾರಿ ತೋರಿಸಿದ್ದಾರೆ.

ನಮ್ಮ ಬಳಗದ ಶಾಲೆಗಳಲ್ಲಿ ಓದಿ ಇವತ್ತು ಗ್ಯಾರೇಜು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ಪ್ರತಿ ಊರಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ವಾರ್ಷಿಕ ಸಮ್ಮೇಳನಕ್ಕೆ ಡಾಕ್ಟರು, ಇಂಜಿನಿಯರು, ಸಾಹೇಬರನ್ನು ಕರೆದು ಶಾಲು ಹೊದಿಸುತ್ತೇವೆ. ಈ ವರ್ಷ ಒಬ್ಬ ಮಿಸ್ತ್ರಿಯನ್ನೂ ಕರೆಯಿರಿ. ಶಾಲಿನ ಜೊತೆಗೆ ಒಂದು ತಾಸು ತರಗತಿಯನ್ನೂ ಅವನ ಕೈಗೆ ಕೊಡಿ. ಕಪ್ಪು ಹಲಗೆಯ ಮೇಲೆ ವಿಜ್ಞಾನದ ಶಿಕ್ಷಕರು ಹಿಗ್ಗುವಿಕೆಯ ಲೆಕ್ಕ ಬಿಡಿಸಲಿ, ಮೇಜಿನ ಮೇಲೆ ಅವನು ಬಾಗಿದ ಹೆಡ್ಡು ತೋರಿಸಲಿ. ಯಾವ ಶಾಲೆಯವರು ಮೊದಲು ಮಾಡುತ್ತೀರಿ, ತಿಳಿಸಿ. ನಾವೂ ನೋಡಲು ಬರುತ್ತೇವೆ.